ಓಡುತ್ತಿರುವ ಪೈಥಾನನ್ನು ಬದಲಿಸಬೇಕೇ? ಹಳೆಯದು, ನಡುವಿನದು, ಹೊಸದು

ಶಿವಮೊಗ್ಗದ ಎಪಿಎಂಸಿ ಯಾರ್ಡಿನ ಒಂದು ಅಡಿಕೆ ಮಂಡಿಯಲ್ಲಿ ನಾನು ಬರೆದುಕೊಟ್ಟ ಲೆಕ್ಕದ ಪ್ರೋಗ್ರಾಂ 2020ರಿಂದ ಓಡುತ್ತಿದೆ. ರೈತರು ತಂದ ಮೂಟೆ ತೂಕಕ್ಕೆ ಏರುತ್ತದೆ, ತೂಕದ ಯಂತ್ರದ ಅಂಕಿ ಕೇಬಲ್ ಹಿಡಿದು ಕಂಪ್ಯೂಟರಿಗೆ ಬರುತ್ತದೆ, ಅಡಿಕೆಯ ಬಗೆ ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ ಎಂದು ಗುಮಾಸ್ತರು ಆರಿಸುತ್ತಾರೆ, ದರ ನಿಂತ ಮೇಲೆ ಹಮಾಲಿ, ಮುಂಗಡ ಕಳೆದು ಪಟ್ಟಿ ಮುದ್ರಣವಾಗುತ್ತದೆ. ಅಷ್ಟೇ ಕೆಲಸ. ಒಳಗಿರುವುದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3.8 ಆವೃತ್ತಿ, ಅದರ ಕೆಳಗೆ ವಿಂಡೋಸ್ 7. ಸಿಪಿಯು ಡಬ್ಬದ ಮೇಲೆ ಆರು ಆಯುಧಪೂಜೆಗಳ ಕುಂಕುಮ ಒಂದರ ಮೇಲೊಂದು ಕೂತಿದೆ.

ಇದನ್ನು ಬದಲಿಸುವ ಮಾತು ತೆಗೆದಾಗ ಮಂಡಿಯ ಯಜಮಾನರು ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ. "ಓಡುತ್ತಿದೆಯಲ್ಲ ಮಾರಾಯರೇ, ಫಸಲು ಬಿಡುವ ಮರದ ಬುಡ ಕೆದಕುವುದೇಕೆ?" ಎಂದರು. ನಾನು ಒಂದು ಚೀಟಿಯ ಮೇಲೆ 3.8, 3.9, 3.14 ಎಂದು ಬರೆದು ತೋರಿಸಿದೆ. ಅದನ್ನು ನೋಡಿ ಅವರು ಇನ್ನೊಂದು ಪ್ರಶ್ನೆ ಕೇಳಿದರು. "3.9 ಆಗಲೇ ಮುಗಿದಿದೆ ಎನ್ನುತ್ತೀರಿ, 3.14ಕ್ಕೆ ಹೋಗೋಣ ಎನ್ನುತ್ತೀರಿ. ಇದು ಹಿಂದಕ್ಕೆ ಹೋದ ಹಾಗಲ್ಲವೇ?" ದಿನವಿಡೀ ಕ್ವಿಂಟಾಲಿಗೆ ದಶಮಾಂಶ ಹಾಕುವವರ ಕಣ್ಣಿಗೆ 3.14 ಎಂಬುದು 3.9ಕ್ಕಿಂತ ಚಿಕ್ಕದೇ ಸರಿ. ಆವೃತ್ತಿಯ ಅಂಕಿಯಲ್ಲಿ ಚುಕ್ಕಿಯ ಬಲಕ್ಕಿರುವುದು ದಶಮಾಂಶವಲ್ಲ, ಹದಿನಾಲ್ಕು ಎಂಬ ಇಡೀ ಸಂಖ್ಯೆ. ಇದೇ ತಪ್ಪನ್ನು ಪ್ರೋಗ್ರಾಂ ಬರೆಯುವವರೂ ಮಾಡಿದ್ದಾರೆ. 2021ರಲ್ಲಿ 3.10 ಬಂದಾಗ, ಆವೃತ್ತಿಯನ್ನು ಅಕ್ಷರಗಳಂತೆ ಹೋಲಿಸುವ ಕೋಡೆಲ್ಲ ಅದನ್ನು 3.9ಕ್ಕಿಂತ ಹಳೆಯದೆಂದು ತಿಳಿಯುತ್ತಿತ್ತು.

ಅವರ ಮೊದಲ ಪ್ರಶ್ನೆಯಲ್ಲೂ ಹುಳುಕಿಲ್ಲ. ಹೊಸದು ಬಂದಿದೆ ಎಂಬುದು ಹಳೆಯದನ್ನು ಬಿಡಲು ಕಾರಣವಾಗುವುದಿಲ್ಲ. ನೋಡಬೇಕಾದದ್ದು ಹಳೆಯದಕ್ಕೆ ಆಸರೆಯಾಗಿ ನಿಂತವರು ಯಾವ ಕ್ರಮದಲ್ಲಿ ಕೈಬಿಡುತ್ತಿದ್ದಾರೆ ಎಂಬುದನ್ನು. ಭಾಷೆಯನ್ನು ನೋಡಿಕೊಳ್ಳುವವರು ಒಬ್ಬರು, ಲೈಬ್ರರಿ, ಅಂದರೆ ನಾವು ಎರವಲು ಪಡೆಯುವ ಸಿದ್ಧ ಕೋಡು, ಬರೆದವರು ಇನ್ನೊಬ್ಬರು, ಅಡಿಯಲ್ಲಿ ಯಂತ್ರವನ್ನು ನಡೆಸುವ ವಿಂಡೋಸ್ ಅಥವಾ ಉಬುಂಟು ಮತ್ತೊಬ್ಬರದು. ಮೂವರೂ ಒಂದೇ ದಿನ ಕೈಬಿಡುವುದಿಲ್ಲ. ಮೊದಲು ಬಿಡುವವರು ಯಾರೆಂದು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ.

ಮೊದಲು ತಾರೀಕು ನೋಡಿ

3.9ರಿಂದ ಈಚೆಗೆ ಪೈಥಾನ್ ಪ್ರತಿ ಅಕ್ಟೋಬರ್‌ನಲ್ಲಿ ಒಂದು ಹೊಸ ಆವೃತ್ತಿಯನ್ನು ಕೊಡುತ್ತಿದೆ. ಪ್ರತಿಯೊಂದರ ಆಯುಸ್ಸು ಐದು ವರ್ಷ. 3.8 ಬಂದದ್ದು 2019ರ ಅಕ್ಟೋಬರ್‌ನಲ್ಲಿ, ಅದರ ಬೆಂಬಲ ಮುಗಿದದ್ದು 2024ರ ಅಕ್ಟೋಬರ್‌ನಲ್ಲಿ. 3.9 ಅದರ ಮರುವರ್ಷ ಮುಗಿಯಿತು. 3.10ರ ಸರದಿ 2026ರ ಅಕ್ಟೋಬರ್‌ಗೆ. 3.12ಕ್ಕೆ 2028ರವರೆಗೆ, 3.13ಕ್ಕೆ 2029ರವರೆಗೆ, 2025ರ ಅಕ್ಟೋಬರ್‌ನಲ್ಲಿ ಬಂದ 3.14ಕ್ಕೆ 2030ರವರೆಗೆ ಅವಕಾಶವಿದೆ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ವಿಂಡೋಸ್ ಬಳಸುವವರಿಗೆ ಹೇಳದೆ ಬಿಡುವ ಮಾತೊಂದಿದೆ. ಆ ಐದು ವರ್ಷದಲ್ಲಿ ಎರಡು ಪಾಲು. ಮೊದಲ ಪಾಲಿನಲ್ಲಿ ಎಲ್ಲ ಬಗೆಯ ದೋಷಗಳನ್ನೂ ಸರಿಪಡಿಸಿ, ಸುಮಾರು ಎರಡು ತಿಂಗಳಿಗೊಮ್ಮೆ ಸಿದ್ಧ ಇನ್‌ಸ್ಟಾಲರ್ ಕೊಡುತ್ತಾರೆ. 3.12ರವರೆಗೆ ಈ ಪಾಲು ಒಂದೂವರೆ ವರ್ಷವಿತ್ತು, 3.13ರಿಂದ ಎರಡು ವರ್ಷವಾಗಿದೆ. ಎರಡನೆಯ ಪಾಲಿನಲ್ಲಿ ಭದ್ರತೆಯ ದೋಷಗಳಿಗೆ ಮಾತ್ರ ಪರಿಹಾರ, ಅದೂ ಮೂಲ ಕೋಡಿನ ರೂಪದಲ್ಲಿ. ಪೈಥಾನಿನ ಅಧಿಕೃತ ತಾಣದಿಂದ ವಿಂಡೋಸ್ ಇನ್‌ಸ್ಟಾಲರ್ ಸಿಗುವುದಿಲ್ಲ. 3.12ಕ್ಕೆ ಸಿಕ್ಕ ಕೊನೆಯ ಇನ್‌ಸ್ಟಾಲರ್ 2025ರ ಏಪ್ರಿಲ್‌ನ 3.12.10. ಮೂಲ ಕೋಡು ತಂದು ತಾವೇ ಕಂಪೈಲ್ ಮಾಡಿ, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತಿರುಗಿಸಿಕೊಳ್ಳುವ ಗುಮಾಸ್ತರು ನಮ್ಮ ಯಾರ್ಡಿನಲ್ಲಂತೂ ಇಲ್ಲ. ಹಾಗಾಗಿ 3.12ಕ್ಕೆ ಕಾಗದದ ಮೇಲೆ 2028ರವರೆಗೆ ಜೀವವಿದ್ದರೂ ವಿಂಡೋಸ್ ಯಂತ್ರದ ಪಾಲಿಗೆ ಅದು ಆಗಲೇ ನಿಂತ ನೀರು.

ಉಬುಂಟು 24.04ರಲ್ಲಿ ಮಾತು ತಿರುಗುತ್ತದೆ. ಅದರ ಜೊತೆಗೇ ಬರುವುದು 3.12, ಭದ್ರತಾ ಪರಿಹಾರಗಳನ್ನು ಉಬುಂಟುವಿನವರೇ 2029ರವರೆಗೆ ಕಟ್ಟಿ ಕೊಡುತ್ತಾರೆ. ಅಲ್ಲಿ 3.12 ಎಲ್ಲಕ್ಕಿಂತ ನೆಮ್ಮದಿಯ ಆಯ್ಕೆ. ಒಂದೇ ಆವೃತ್ತಿ ಒಂದು ಯಂತ್ರದಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು. ಯಾವ ಪೈಥಾನ್ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಯಾವ ಯಂತ್ರ ಎಂದು ನಾನು ಮರುಪ್ರಶ್ನೆ ಹಾಕುವುದು ಇದಕ್ಕೇ. ಉಬುಂಟುವಿನಲ್ಲಿ ಒಂದು ಎಚ್ಚರಿಕೆ: ವ್ಯವಸ್ಥೆಯ ಪೈಥಾನನ್ನು ಕಿತ್ತು ಅದರ ಜಾಗದಲ್ಲಿ ಬೇರೆಯದನ್ನು ಕೂರಿಸಬೇಡಿ. ಪ್ಯಾಕೇಜುಗಳನ್ನು ನೋಡಿಕೊಳ್ಳುವ ಉಪಕರಣಗಳು ಅದನ್ನೇ ನೆಚ್ಚಿಕೊಂಡಿವೆ. ಬೇರೆ ಆವೃತ್ತಿ ಬೇಕಿದ್ದರೆ ಪಕ್ಕದಲ್ಲಿ ಹಾಕಿಕೊಂಡು ಅದಕ್ಕೊಂದು ಪ್ರತ್ಯೇಕ ಪರಿಸರ, ಅಂದರೆ ಅದರದೇ ಲೈಬ್ರರಿಗಳಿರುವ ಫೋಲ್ಡರ್, ಮಾಡಿಕೊಳ್ಳಿ.

ಹಳೆಯದರಲ್ಲೇ ಉಳಿದರೆ

ಉಳಿಯುವುದು ಹೇಡಿತನವಲ್ಲ. ಮಂಡಿಯ ಯಂತ್ರಕ್ಕೆ ಇಂಟರ್ನೆಟ್ ಇಲ್ಲ, ತೂಕದ ಯಂತ್ರ ಮತ್ತು ಪ್ರಿಂಟರ್ ಬಿಟ್ಟರೆ ಅದು ಯಾರೊಂದಿಗೂ ಮಾತನಾಡುವುದಿಲ್ಲ ಎಂದಿದ್ದರೆ, ಬೆಂಬಲ ಮುಗಿದ 3.8 ಇನ್ನೂ ಹಲವು ವರ್ಷ ಪಟ್ಟಿ ಹೊಡೆಯುತ್ತದೆ. ಬೆಂಬಲ ಮುಗಿದ ರಾತ್ರಿ ಪ್ರೋಗ್ರಾಂ ನಿಲ್ಲುವುದಿಲ್ಲ.

ಆದರೆ ಪ್ರತ್ಯೇಕವಾಗಿದ್ದ ಯಂತ್ರ ಹಾಗೆಯೇ ಉಳಿಯುವುದು ಅಪರೂಪ. ರೈತರಿಗೆ ಪಟ್ಟಿಯನ್ನು ಮೊಬೈಲಿಗೆ ಕಳಿಸಬೇಕು ಎಂದು ಇವತ್ತು ಹೇಳುತ್ತಾರೆ, ಮೊಮ್ಮಗ ಬಂದು ವೈಫೈ ಜೋಡಿಸುತ್ತಾನೆ. ಅಲ್ಲಿಂದ ಮುಂದೆ ಹಳೆಯದರಲ್ಲಿ ಉಳಿಯುವುದಕ್ಕೆ ಬೆಲೆ ತೆರಬೇಕಾಗುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ಬೆಲೆ ಲೈಬ್ರರಿಗಳದು. ವೆಬ್ ತಾಣ ಕಟ್ಟಲು ಬಳಸುವ ಜಾಂಗೋ 5.0ಕ್ಕೆ ಕನಿಷ್ಠ 3.10 ಬೇಕು. ಅಂಕಿಗಳ ಲೆಕ್ಕಕ್ಕೆ ಬಳಸುವ ನಂಪೈ 1.25ರಿಂದಲೇ, ಅಂದರೆ 2023ರಲ್ಲೇ, 3.8ನ್ನು ಬಿಟ್ಟಿದೆ. ತಮಾಷೆ ಎಂದರೆ 3.8ರಲ್ಲಿ ಕೂತು, ಇಂಟರ್ನೆಟ್‌ನಿಂದ ಇಳಿಸಿ ಹಾಕುವ ಉಪಕರಣವಾದ ಪಿಪ್‌ನಿಂದ ಲೈಬ್ರರಿ ತರಿಸಿದರೆ ದೋಷವೇ ಕಾಣಿಸುವುದಿಲ್ಲ. ನಿಮ್ಮ ಪೈಥಾನಿಗೆ ಹೊಂದುವ ಹಳೆಯ ಲೈಬ್ರರಿಯನ್ನು ಪಿಪ್ ತಾನೇ ಹುಡುಕಿ, ಸದ್ದಿಲ್ಲದೆ ಹಾಕಿಕೊಡುತ್ತದೆ. ಬಾಗಿಲು ಮುಚ್ಚಿದ್ದು ಒಳಗಿದ್ದವರಿಗೆ ತಿಳಿಯುವುದೇ ಇಲ್ಲ. ಎರಡು ವರ್ಷ ಬಿಟ್ಟು ಇಂಟರ್ನೆಟ್‌ನಲ್ಲಿ ಓದಿದ ಒಂದು ಉದಾಹರಣೆ ತಮ್ಮಲ್ಲಿ ಏಕೆ ಓಡುವುದಿಲ್ಲ ಎಂದು ತಲೆ ಕೆರೆದುಕೊಳ್ಳುವಾಗ ಗೊತ್ತಾಗುತ್ತದೆ.

ವಿಂಡೋಸ್ 7 ಇರುವವರಿಗೆ ಆಯ್ಕೆ ಇಲ್ಲ. ಅದರ ಮೇಲೆ ನಿಲ್ಲುವ ಕೊನೆಯ ಪೈಥಾನ್ 3.8. 3.9ನ್ನು ಹಾಕಲು ಹೋದರೆ ಇನ್‌ಸ್ಟಾಲರ್ ಬಾಗಿಲಲ್ಲೇ ತಡೆಯುತ್ತದೆ. ಅವರು ತೀರ್ಮಾನಿಸಬೇಕಾದದ್ದು ಭಾಷೆಯ ಬಗ್ಗೆ ಅಲ್ಲ, ಯಂತ್ರದ ಬಗ್ಗೆ. ಹಳೆಯ ಯಂತ್ರ ಇರುವಷ್ಟು ದಿನ 3.8, ಯಂತ್ರ ಬದಲಾದ ದಿನ ಎಲ್ಲವೂ ಬದಲು.

ಹೊಸದು ಕೊಡುವುದೇನು

ಜಾಹೀರಾತಿನಲ್ಲಿ ಮೊದಲು ಬರುವುದು ವೇಗ. 3.11, ಅದರ ಹಿಂದಿನದಕ್ಕಿಂತ ಸರಾಸರಿ ಶೇ 25ರಷ್ಟು ವೇಗ ಎಂದು ಪೈಥಾನಿನವರೇ ತಮ್ಮ ಅಳತೆಯ ಲೆಕ್ಕ ಕೊಟ್ಟಿದ್ದಾರೆ. ನಿಜ ಇರಬಹುದು, ನಮ್ಮ ಮಂಡಿಗೆ ಅದರಿಂದ ಬರುವುದು ಸೊನ್ನೆ. ನಮ್ಮ ಪ್ರೋಗ್ರಾಂ ದಿನದ ಬಹುಪಾಲು ಹೊತ್ತು ಕಾಯುವುದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗಾಗಿ. ಪ್ರಿಂಟರ್ ಕರಕರ ಎನ್ನುವುದನ್ನು ಯಾವ ಆವೃತ್ತಿಯೂ ಚುರುಕುಗೊಳಿಸುವುದಿಲ್ಲ. ಹಗಲಿಡೀ ಲೆಕ್ಕವನ್ನೇ ಅರೆಯುವ ಕೆಲಸ ನಿಮ್ಮದಾಗಿದ್ದರೆ ಮಾತು ಬೇರೆ. ಹಲವು ಕೋರ್‌ಗಳನ್ನು ಒಟ್ಟಿಗೆ ಬಳಸುವ ಬೇರೆಯದೇ ಕಟ್ಟಣೆ 3.13ರಲ್ಲಿ ಪ್ರಯೋಗವಾಗಿ ಬಂದು 3.14ರಲ್ಲಿ ಅಧಿಕೃತವಾಗಿದೆ. ಅದೂ ಅಂಥವರಿಗೇ.

ಹಲವು ಸಾಧ್ಯತೆಗಳಲ್ಲಿ ಒಂದನ್ನು ಆರಿಸಲು 3.10ರಲ್ಲಿ ಬಂದ ಮ್ಯಾಚ್ ಹೇಳಿಕೆಯನ್ನು ನಾನು ಒಂದು ಸಲ ಬಳಸಿ, ಹಳೆಯ ಇಫ್ ಸಾಲದೇ ಎಂದು ಅಳಿಸಿದೆ.

ನಾನು ಹೊಸದಕ್ಕೆ ಮನಸೋತದ್ದು ದೋಷದ ಸಂದೇಶಗಳಿಗೆ. ನನ್ನ ದುರಸ್ತಿ ಕೆಲಸದ ಮುಕ್ಕಾಲು ಪಾಲು ನಡೆಯುವುದು ವಾಟ್ಸ್‌ಆ್ಯಪ್‌ನಲ್ಲಿ. ಸಂಜೆ ಐದಕ್ಕೆ, ಎದುರಿಗೆ ಏಳೆಂಟು ರೈತರು ನಿಂತಿರುವಾಗ, ಗುಮಾಸ್ತರು ಪರದೆಯ ಫೋಟೋ ತೆಗೆದು ಕಳಿಸುತ್ತಾರೆ. ಪಟ್ಟಿಯ ಮೊತ್ತ ಕೂಡಿಸುವ ಸಾಲಿನಲ್ಲಿ ತೂಕವಿದೆ, ದರವಿದೆ, ಹಮಾಲಿ ಇದೆ, ಮುಂಗಡವಿದೆ. ನಾಲ್ಕರಲ್ಲಿ ಒಂದು ಖಾಲಿ ಇದ್ದುದರಿಂದ ಲೆಕ್ಕ ನಿಂತಿದೆ. 3.8 ಹೇಳುವುದು ಇಷ್ಟೇ: 214ನೆಯ ಸಾಲಿನಲ್ಲಿ ತಪ್ಪಿದೆ, ಖಾಲಿಯನ್ನು ಸಂಖ್ಯೆಯಿಂದ ಕಳೆಯಲಾಗದು. ನಾಲ್ಕರಲ್ಲಿ ಯಾವುದು ಖಾಲಿ ಎಂದು ನಾನು ಫೋನಿನಲ್ಲಿ ಒಂದೊಂದಾಗಿ ಕೇಳಬೇಕು. 3.11ರಿಂದ ಈಚೆಗೆ ಆ ಸಾಲಿನ ಕೆಳಗೆ, ಸರಿಯಾಗಿ ಎಡವಿದ ಜಾಗದಲ್ಲೇ, ಸಣ್ಣ ಗುರುತುಗಳ ಗೆರೆ ಮೂಡುತ್ತದೆ. ಫೋಟೋ ಎಷ್ಟೇ ಅಲುಗಿರಲಿ, ಗೆರೆಯ ಮೊನೆ ಮುಂಗಡದ ಪಕ್ಕದ ಕಳೆಯುವ ಚಿಹ್ನೆಯ ಕೆಳಗಿದೆ ಎಂಬುದು ಕಾಣುತ್ತದೆ. "ಮುಂಗಡದ ಜಾಗದಲ್ಲಿ ಸೊನ್ನೆ ಹಾಕಿ" ಎಂದು ಒಂದೇ ಸಾಲು ಟೈಪಿಸಿ ನಾನು ಚಹಾ ಕುಡಿಯಲು ಹೋಗಬಹುದು. ನನ್ನ ಮಟ್ಟಿಗೆ ಬೇರೆಲ್ಲ ಸೌಲಭ್ಯಗಳನ್ನು ಒಂದು ತಟ್ಟೆಯಲ್ಲಿಟ್ಟು ಇದೊಂದನ್ನೇ ಇನ್ನೊಂದರಲ್ಲಿಟ್ಟರೂ ಇದೇ ತೂಗುತ್ತದೆ.

ಮುರಿಯುವುದು ಯಾವುದು

3.8ರಿಂದ ಮೇಲೆ ಬರುವಾಗ ನೀವು ಬರೆದ ಕೋಡು ಸಾಮಾನ್ಯವಾಗಿ ಹಾಗೆಯೇ ಓಡುತ್ತದೆ. ಎಡವುವುದು ಪೈಥಾನಿನ ಜೊತೆಗೇ ಬರುತ್ತಿದ್ದು ಈಗ ತೆಗೆದುಹಾಕಿದ ಹಳೆಯ ಮಾಡ್ಯೂಲುಗಳಲ್ಲಿ, ಅಂದರೆ ಸಿದ್ಧ ಕೋಡಿನ ತುಣುಕುಗಳಲ್ಲಿ. 3.12ರಲ್ಲಿ ಲೈಬ್ರರಿಗಳನ್ನು ಕಟ್ಟಿ ಹಾಕಲು ಬಳಸುತ್ತಿದ್ದ ಡಿಸ್ಟ್‌ಯುಟಿಲ್ಸ್ ಹೋಯಿತು. ಅದನ್ನು ನೀವು ಕನಸಿನಲ್ಲೂ ಬಳಸಿರಲಿಕ್ಕಿಲ್ಲ, ಆದರೆ ನೀವು ನೆಚ್ಚಿದ ಹಳೆಯ ಲೈಬ್ರರಿ ಬಳಸಿರುತ್ತದೆ, ಹಾಕಿಕೊಳ್ಳುವಾಗಲೇ ಅದು ಬಿದ್ದುಹೋಗುತ್ತದೆ. 3.13ರಲ್ಲಿ ಸಿಜಿಐ, ಟೆಲ್‌ನೆಟ್‌ಲಿಬ್ ಸೇರಿದಂತೆ 19 ಹಳೆಯ ಮಾಡ್ಯೂಲುಗಳನ್ನು ಒಟ್ಟಿಗೆ ಹೊರಹಾಕಿದರು. ಹದಿನೈದು ವರ್ಷದ ಹಿಂದಿನ ವೆಬ್ ಫಾರಂ ಒಂದನ್ನು ಇನ್ನೂ ಓಡಿಸುತ್ತಿರುವ ಸಂಘಗಳು ಸಿಜಿಐ ಹೋದದ್ದನ್ನು ಮೊದಲು ನೋಡಿಕೊಳ್ಳಬೇಕು. ಹೋಗಲಿರುವವುಗಳ ಬಗ್ಗೆ ಪೈಥಾನ್ ಮುಂಚೆಯೇ ಎಚ್ಚರಿಸುತ್ತದೆ, ಆದರೆ ಆ ಎಚ್ಚರಿಕೆಗಳಲ್ಲಿ ಬಹಳಷ್ಟನ್ನು ಮಾಮೂಲಿಯಾಗಿ ಮುಚ್ಚಿಡುತ್ತದೆ. ಹಳೆಯ ಆವೃತ್ತಿಯಲ್ಲೇ ಎಚ್ಚರಿಕೆಗಳನ್ನೆಲ್ಲ ತೆರೆದು ಒಂದು ದಿನ ಓಡಿಸಿ ನೋಡಿದರೆ ಬಹುಪಾಲು ತಿಳಿಯುತ್ತದೆ.

ಇದಕ್ಕಿಂತ ಹೆಚ್ಚು ಕಾಡುವುದು ಲೈಬ್ರರಿಯ ಜಾತಿ. ತೂಕದ ಯಂತ್ರದೊಂದಿಗೆ ಮಾತನಾಡುವ ಪೈಸೀರಿಯಲ್ ಶುದ್ಧ ಪೈಥಾನಿನಲ್ಲಿ ಬರೆದದ್ದು, ಅದಕ್ಕೆ ಯಾವ ಆವೃತ್ತಿಯಾದರೂ ನಡೆಯುತ್ತದೆ. ವಿಂಡೋಸ್ ಪ್ರಿಂಟರನ್ನು ಹಿಡಿಯುವ ಪೈವಿನ್32, ಚಿತ್ರಗಳಿಗೆ ಬಳಸುವ ಪಿಲ್ಲೋ ಇವುಗಳೊಳಗೆ ಕಂಪೈಲ್ ಮಾಡಿದ ಭಾಗಗಳಿವೆ. ಇಂಥವಕ್ಕೆ ಸಾಮಾನ್ಯವಾಗಿ ಪ್ರತಿ ಆವೃತ್ತಿಗೂ ಬೇರೆ ಕಡತ ಬೇಕು. ಕಡತದ ಹೆಸರಿನಲ್ಲೇ ಸಿಪಿ38, ಸಿಪಿ313 ಎಂದು ಬರೆದಿರುತ್ತದೆ. ನಿಮ್ಮ ಆವೃತ್ತಿಯ ಕಡತ ಇಲ್ಲದಿದ್ದರೆ ಪಿಪ್ ಸುಮ್ಮನಿರುವುದಿಲ್ಲ, ತಾನೇ ಕಂಪೈಲ್ ಮಾಡಲು ಹೊರಟು ಎರಡು ಪರದೆ ತುಂಬ ಕೆಂಪು ಅಕ್ಷರ ಸುರಿದು, ಕೊನೆಗೆ ಮೈಕ್ರೋಸಾಫ್ಟ್ ವಿಷುವಲ್ ಸಿ ಪ್ಲಸ್ ಪ್ಲಸ್ 14.0 ಬೇಕು ಎನ್ನುತ್ತದೆ. ಅನೇಕರು ಇಲ್ಲಿ ಹೆದರಿ, ಹಲವು ಜಿಬಿಯ ಆ ಉಪಕರಣವನ್ನು ಇಳಿಸಲು ಕೂರುತ್ತಾರೆ. ಬೇಡ. ಆ ಸಂದೇಶದ ಅರ್ಥ ಸರಳ: ಲೈಬ್ರರಿ ಬರೆದವರು ನಿಮ್ಮ ಆವೃತ್ತಿಗೆ ಇನ್ನೂ ಬಂದಿಲ್ಲ. ನೀವೇ ಒಂದು ಮೆಟ್ಟಿಲು ಕೆಳಗಿಳಿಯಿರಿ.

3.13ಕ್ಕೋ 3.14ಕ್ಕೋ ಎಂಬುದನ್ನು ನಾನು ತೀರ್ಮಾನಿಸುವ ಬಗೆಯೂ ಇದೇ. ಬೇಕಾದ ಲೈಬ್ರರಿಗಳ ಪಟ್ಟಿಯನ್ನು ಪಿಪ್ ಫ್ರೀಜ್‌ನಿಂದ ತೆಗೆಯುತ್ತೇನೆ. ಹಳೆಯ ಪೈಥಾನಿನ ಹಳೆಯ ಅಂಕಿಗಳು ಅಡ್ಡ ಬರದಂತೆ ಆವೃತ್ತಿಯ ಅಂಕಿ ಅಳಿಸಿ ಹೆಸರುಗಳನ್ನು ಮಾತ್ರ ಉಳಿಸುತ್ತೇನೆ. ಆಮೇಲೆ 3.14ರಲ್ಲಿ ನಿಂತು, ಸಿದ್ಧ ಕಡತಗಳನ್ನು ಮಾತ್ರ ತರಬೇಕು ಎಂಬ ಷರತ್ತು ಹಾಕಿ ಪಿಪ್ ಡೌನ್‌ಲೋಡ್ ಕೊಡುತ್ತೇನೆ. ಐದು ನಿಮಿಷದ ಕೆಲಸ. ಎಲ್ಲವೂ ಇಳಿದರೆ 3.14, ಒಂದಾದರೂ ಸಿಗದಿದ್ದರೆ 3.13ರಲ್ಲಿ ಅದೇ ಪರೀಕ್ಷೆ. ಮಂಡಿಯ ಪ್ರೋಗ್ರಾಮಿಗೆ ಬಾರ್‌ಕೋಡ್ ಚೀಟಿಗೆಂದು ಬಳಸಿದ ಒಂದು ಸಣ್ಣ ಲೈಬ್ರರಿ 3.14ಕ್ಕೆ ಸಿಗಲಿಲ್ಲ, 3.13ಕ್ಕೆ ಸಿಕ್ಕಿತು. ಚರ್ಚೆ ಅಲ್ಲಿಗೆ ಮುಗಿಯಿತು.

ಕನ್ನಡ ಇದ್ದಲ್ಲಿ ಒಂದು ಹೊಂಚು

ಅಡಿಕೆಯ ಬಗೆಗಳ ಹೆಸರನ್ನು ಒಂದು ಪಠ್ಯ ಕಡತದಲ್ಲಿ ಬರೆದಿಟ್ಟಿದ್ದೆ. ವಿಂಡೋಸ್ 11 ಇರುವ ನನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಓದಿಸಿದಾಗ, ಕಡತದಲ್ಲಿ ರಾಶಿ ಮಾತ್ರ ಇದ್ದರೆ ಪ್ರೋಗ್ರಾಂ ಓಡುತ್ತಿತ್ತು, ಬೆಟ್ಟೆ ಸೇರಿಸಿದರೆ ಬೀಳುತ್ತಿತ್ತು. ಸರಕು ಸೇರಿಸಿದರೂ ಬೀಳುತ್ತಿತ್ತು. ಅರ್ಧ ದಿನ ಹೋಯಿತು. ಕಾರಣ ಇದು: ಕಡತವನ್ನು ತೆರೆಯುವಾಗ ಅದರ ಅಕ್ಷರಗಳನ್ನು ಬೈಟುಗಳಾಗಿ ಬರೆದಿರುವುದು ಯಾವ ಸಂಕೇತ ಪದ್ಧತಿಯಲ್ಲಿ ಎಂದು ನಾನು ಹೇಳಿರಲಿಲ್ಲ. ಹೇಳದಿದ್ದರೆ ವಿಂಡೋಸ್‌ನಲ್ಲಿ ಪೈಥಾನ್ ಕನ್ನಡವೂ ಸೇರಿದ ಯುಟಿಎಫ್-8 ಪದ್ಧತಿ ಹಿಡಿಯುವುದಿಲ್ಲ, ಇಂಗ್ಲಿಷ್ ವ್ಯವಸ್ಥೆಯಾದರೆ ಕನ್ನಡವಿಲ್ಲದ 1252 ಎಂಬ ಹಳೆಯ ಸಂಕೇತ ಪುಟವನ್ನು ಹಿಡಿಯುತ್ತದೆ. ಕನ್ನಡದ ಪ್ರತಿ ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟು. ಅರ್ಧಾಕ್ಷರದ ಗುರುತಿನ ಕೊನೆಯ ಬೈಟು ಮತ್ತು ಉಕಾರದ ಕೊನೆಯ ಬೈಟು ಆ ಹಳೆಯ ಪುಟದಲ್ಲಿ ಖಾಲಿ ಜಾಗಕ್ಕೆ ಬೀಳುತ್ತವೆ, ಪ್ರೋಗ್ರಾಂ ನಿಲ್ಲುತ್ತದೆ. ಬೆಟ್ಟೆಯಲ್ಲಿ ಒತ್ತಕ್ಷರವಿದೆ, ಅದರೊಳಗೆ ಅರ್ಧಾಕ್ಷರದ ಗುರುತಿದೆ, ಸರಕಿನಲ್ಲಿ ಉಕಾರವಿದೆ, ಗೊರಬಲಿನಲ್ಲೂ ಉಕಾರವಿದೆ. ರಾಶಿಯಲ್ಲಿ ಎರಡೂ ಇಲ್ಲ, ಹಾಗಾಗಿ ಅದು ದೋಷ ಕೊಡದೆ, ಯಾರಿಗೂ ಅರ್ಥವಾಗದ ಚಿಹ್ನೆಗಳಾಗಿ ಒಳಗೆ ಬಂದು ಕೂತಿತ್ತು. ಬಿದ್ದ ಮೂರೇ ವಾಸಿ, ಬೀಳದ್ದೇ ಅಪಾಯ.

ಈ ಹೊಂಚು 3.8ರಲ್ಲೂ ಇದೆ, 3.14ರಲ್ಲೂ ಇದೆ. 3.15ರಿಂದ ಯುಟಿಎಫ್-8 ತಾನಾಗಿಯೇ ಹಿಡಿಯುವಂತೆ ಮಾಡಲು ತೀರ್ಮಾನವಾಗಿದೆ. ಅದು ನಮಗೆ ಒಳ್ಳೆಯ ಸುದ್ದಿ, ಆದರೆ ಹಳೆಯ ಪುಟದಲ್ಲಿ ಉಳಿಸಿಟ್ಟ ಕಡತಗಳು ಆಗ ತಿರುಗಿ ಬೀಳುತ್ತವೆ. ಕಡತ ತೆರೆಯುವ ಪ್ರತಿ ಕಡೆ ಯುಟಿಎಫ್-8 ಎಂದು ಬರೆದುಬಿಟ್ಟರೆ ಯಾವ ಆವೃತ್ತಿಗೆ ಹೋದರೂ ತೊಂದರೆಯಿಲ್ಲ. ಎಲ್ಲೆಲ್ಲಿ ಬರೆದಿಲ್ಲ ಎಂದು ತೋರಿಸುವ ಎಚ್ಚರಿಕೆಯೊಂದು 3.10ರಿಂದ ಇದೆ, ಕೇಳಿದರೆ ಮಾತ್ರ ಹೇಳುತ್ತದೆ. ಕನ್ನಡ ಬಳಸುವವರು 3.8ನ್ನು ಬಿಡಲು ಇದೂ ಒಂದು ಕಾರಣ.

ಮುದ್ರಣದಲ್ಲಿ ಒತ್ತಕ್ಷರ ಒಡೆಯುತ್ತದೆ, ಹೊಸ ಪೈಥಾನ್ ಹಾಕಿದರೆ ಸರಿಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಅದು ಅಕ್ಷರ ಜೋಡಿಸುವ ಹಾರ್ಫ್‌ಬಜ್‌ನಂಥ ಲೈಬ್ರರಿಯ ಕೆಲಸ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿಟ್ಟ ದಾಖಲೆಗಳೂ ತಾವಾಗಿ ಯೂನಿಕೋಡ್ ಆಗುವುದಿಲ್ಲ.

ಇನ್ನೂ ಪೈಥಾನ್ 2ರಲ್ಲಿ ಇರುವವರಿಗೆ

ಇದ್ದಾರೆ. 3.0 ಬಂದದ್ದು 2008ರ ಡಿಸೆಂಬರ್‌ನಲ್ಲಿ, 2ರ ಬೆಂಬಲ ಮುಗಿದದ್ದು 2020ರ ಜನವರಿ 1ಕ್ಕೆ. ಹನ್ನೊಂದು ವರ್ಷ ಕೊಟ್ಟರೂ ಸಾಲಲಿಲ್ಲ. ಈ ದಾಟುವಿಕೆ ಮೇಲೆ ಹೇಳಿದ್ದಕ್ಕೆಲ್ಲ ಹೊರತು, ಏಕೆಂದರೆ ಇಲ್ಲಿ ಕೋಡು ಬೀಳದೆಯೇ ಬೇರೆ ಉತ್ತರ ಕೊಡುತ್ತದೆ.

ತೀರ್ಥಹಳ್ಳಿ ಕಡೆಯ ಒಂದು ಸಂಘದ ಪ್ರೋಗ್ರಾಮನ್ನು 2019ರಲ್ಲಿ ನಾನೇ 2ರಿಂದ 3ಕ್ಕೆ ತಂದೆ. ಎಲ್ಲವೂ ಓಡಿತು. ಎರಡು ವಾರದ ಮೇಲೆ ವಯಸ್ಸಾದ ಒಬ್ಬ ಬೆಳೆಗಾರರು ಪಟ್ಟಿ ಹಿಡಿದು ಬಂದು, "48,212 ರೂಪಾಯಿ 50 ಪೈಸೆಗೆ 48,212 ಕೊಟ್ಟಿದ್ದೀರಿ. ಇಷ್ಟು ವರ್ಷ ಐವತ್ತು ಪೈಸೆ ಇದ್ದರೆ ಮೇಲಿನ ರೂಪಾಯಿ ಬರುತ್ತಿತ್ತು" ಎಂದರು. ಅವರು ಹೇಳಿದ್ದೇ ಸರಿ. ಪೈಥಾನ್ 2 ಅರ್ಧವನ್ನು ಮೇಲಕ್ಕೆ ಏರಿಸುತ್ತಿತ್ತು. ಪೈಥಾನ್ 3 ಹತ್ತಿರದ ಸಮಸಂಖ್ಯೆಗೆ ಒಯ್ಯುತ್ತದೆ: 48,212.50 ಆದರೆ 48,212, ಅದೇ 48,213.50 ಆದರೆ 48,214. ಅಂಕಿಶಾಸ್ತ್ರಕ್ಕೆ ಇದು ನ್ಯಾಯ, ಪಟ್ಟಿ ಹಿಡಿದು ನಿಂತವರಿಗೆ ಅಲ್ಲ. ಹಣದ ಲೆಕ್ಕಕ್ಕೆ ಡೆಸಿಮಲ್ ಮಾಡ್ಯೂಲ್ ಬಳಸಿ, ಅರ್ಧ ಮೇಲಕ್ಕೆ ಎಂದು ಬಾಯಿಬಿಟ್ಟು ಹೇಳುವುದನ್ನು ಅವರು ನನಗೆ ಕಲಿಸಿದರು. ಭಾಗಾಕಾರವೂ ಹಾಗೆಯೇ. 7ನ್ನು 2ರಿಂದ ಭಾಗಿಸಿದರೆ ಪೈಥಾನ್ 2ರಲ್ಲಿ ಉತ್ತರ 3, ಪೈಥಾನ್ 3ರಲ್ಲಿ 3.5.

ಬೇರೆ ಭಾಷೆಗಳಲ್ಲೂ ಇಂಥ ಸದ್ದಿಲ್ಲದ ಬದಲಾವಣೆಗಳಿವೆ. ಪಿಎಚ್‌ಪಿ 7.4ರ ಬೆಂಬಲ 2022ರ ನವೆಂಬರ್‌ನಲ್ಲಿ ಮುಗಿಯಿತು. 8ಕ್ಕೆ ಹೋದರೆ ಸೊನ್ನೆಯನ್ನು ಅಕ್ಷರಗಳೊಂದಿಗೆ ಹೋಲಿಸಿದಾಗ ಸಿಗುವ ಉತ್ತರವೇ ಬೇರೆ. ಜಾವಾ 8ರಿಂದ 11ಕ್ಕೆ ಹೋಗುವವರು ಎಕ್ಸ್‌ಎಂಎಲ್‌ಗೆ ಬಳಸುತ್ತಿದ್ದ ಕೆಲವು ಭಾಗಗಳನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು.

ಯಾವಾಗ

ಪೈಥಾನಿನವರಿಗೆ ಮಲೆನಾಡಿನ ಪಂಚಾಂಗ ಗೊತ್ತಿಲ್ಲ. ಅವರ ಹೊಸದು ಬರುವ ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಅಡಿಕೆ ಗೊನೆಯ ಕೊಯ್ಲು ಶುರುವಾಗಿರುತ್ತದೆ. ಅಲ್ಲಿಂದ ಮಂಡಿಯವರ ಮುಂದೆ ಆವೃತ್ತಿಯ ಮಾತು ಎತ್ತುವವರಿಗೆ ಮರ್ಯಾದೆ ಉಳಿಯುವುದಿಲ್ಲ. ಮಾರ್ಚ್ 31ಕ್ಕೆ ವರ್ಷದ ಲೆಕ್ಕ. ಅದಾದ ಮೇಲೆ ಏಪ್ರಿಲ್ ನಡುವಿನಿಂದ ಮಳೆ ಹಿಡಿಯುವವರೆಗೆ ಎರಡು ತಿಂಗಳ ಬಿಡುವು. ಅಷ್ಟರಲ್ಲಿ ಹೊಸ ಆವೃತ್ತಿಯ ಮೊದಲ ತಪ್ಪುಗಳೂ ತಿದ್ದಿಹೋಗಿರುತ್ತವೆ. 3.11, 3.12, 3.13 ಮೂರಕ್ಕೂ ಮೂರನೆಯ ಪರಿಷ್ಕರಣೆ ಬಂದದ್ದು ಮುಂದಿನ ಏಪ್ರಿಲ್‌ನಲ್ಲೇ.

ಮಳೆಗಾಲದಲ್ಲಿ ಕೆಲಸ ಕಡಿಮೆ, ಆಗ ಮಾಡೋಣ ಎನ್ನುವವರು ಹೊಸನಗರದ ಆಚೆ ಜುಲೈ ತಿಂಗಳಲ್ಲಿ ಒಮ್ಮೆ ಹೋಗಿ ನೋಡಲಿ. ನಾನು ಹೋಗಿದ್ದೇನೆ. ಕರೆಂಟ್ ಇಲ್ಲ, ಯುಪಿಎಸ್ ಕುಯ್ಯೆನ್ನುತ್ತಿದೆ, ಮೊಬೈಲಿಗೆ ನೆಟ್‌ವರ್ಕ್ ಸಿಗಲು ಗೇರುಮರದ ದಿಬ್ಬ ಹತ್ತಬೇಕು, ಅತ್ತ ಪಿಪ್ ಅರ್ಧಕ್ಕೆ ನಿಂತಿದೆ. ಈಗ ಎಲ್ಲ ಕಡತಗಳನ್ನೂ ಶಿವಮೊಗ್ಗದಲ್ಲೇ ಇಳಿಸಿ ಪೆನ್‌ಡ್ರೈವ್‌ನಲ್ಲಿ ಒಯ್ಯುತ್ತೇನೆ. ಅಲ್ಲಿ ಇಂಟರ್ನೆಟ್ ನೋಡದೆ ಪೆನ್‌ಡ್ರೈವ್‌ನಿಂದಲೇ ಹಾಕಿಕೋ ಎಂದು ಪಿಪ್‌ಗೆ ಹೇಳಬಹುದು. ಇಳಿಸುವ ಯಂತ್ರದಲ್ಲೂ ಅದೇ ವಿಂಡೋಸ್, ಅದೇ ಪೈಥಾನ್ ಆವೃತ್ತಿ ಇರಲಿ.

ಪಕ್ಕದಲ್ಲೇ ನೆಟ್ಟು ನೋಡುವುದು

ಹಳೆಯ ತೋಟವನ್ನು ಯಾರೂ ಒಂದೇ ದಿನ ಕಡಿಯುವುದಿಲ್ಲ. ಮರಗಳ ನಡುವೆ ಸಸಿ ಇಟ್ಟು, ಅದು ಫಸಲಿಗೆ ಬಂದ ಮೇಲೆ ಹಳೆಯದನ್ನು ತೆಗೆಯುತ್ತಾರೆ. ಯಜಮಾನರ ಬುಡ ಕೆದಕುವ ಮಾತಿಗೆ ನಾನು ಕೊಟ್ಟ ಉತ್ತರವೂ ಅದೇ. ಒಂದೇ ಯಂತ್ರದಲ್ಲಿ ಎರಡು ಪೈಥಾನ್ ಜಗಳವಿಲ್ಲದೆ ಇರುತ್ತವೆ. ಪ್ರೋಗ್ರಾಮಿನ ಪರಿಸರವನ್ನು ಮಾತ್ರ ಹೊಸದರಲ್ಲಿ ಹೊಸದಾಗಿ ಕಟ್ಟಬೇಕು, ಹಳೆಯ ಫೋಲ್ಡರನ್ನು ನಕಲು ಮಾಡಿದರೆ ನಡೆಯದು.

ಪರೀಕ್ಷೆಗೆ ಉದಾಹರಣೆಗಳನ್ನು ಕಲ್ಪಿಸಿಕೊಂಡು ಕೂರುವ ಬದಲು ಕಳೆದ ವರ್ಷದ ಪಟ್ಟಿಗಳನ್ನೇ ಎರಡೂ ಕಡೆ ಹಾಕಿಸಿ. ಎರಡರ ಉತ್ತರವನ್ನು ಕಡತಕ್ಕೆ ಬರೆದು ಸಾಲು ಸಾಲಾಗಿ ಹೋಲಿಸಿ. ಒಂದು ಪೈಸೆ ಬೇರೆ ಬಂದರೂ ನಿಲ್ಲಿಸಿ, ಕಾರಣ ಹುಡುಕಿ. ಸಂಘದ ಪ್ರೋಗ್ರಾಮಿಗೆ ನಾನು ಇದನ್ನು ಮಾಡಿದ್ದರೆ ಆ ಬೆಳೆಗಾರರು ಬಸ್ ಹಿಡಿದು ಬರಬೇಕಿರಲಿಲ್ಲ.

ಯಾರಿಗೆ ಯಾವುದು

ವಿಂಡೋಸ್ 7ರ ಯಂತ್ರಕ್ಕೆ 3.8, ಇಂಟರ್ನೆಟ್ ಕೇಬಲ್ ಕಿತ್ತ ಮೇಲೆ. ವಿಂಡೋಸ್ 11ಕ್ಕೆ 3.14, ಲೈಬ್ರರಿ ಅಡ್ಡಗಟ್ಟಿದರೆ 3.13. ವಿಂಡೋಸ್ 10ರವರಿಗೂ ಅದೇ, ಆದರೆ ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿರುವುದು ನೆನಪಿರಲಿ. ಉಬುಂಟು 24.04ರ ಸರ್ವರಿಗೆ ಅದರದೇ 3.12, ಮೇಲಕ್ಕೆ ಕೈಹಾಕಬೇಡಿ. ಕಾಲೇಜಿನಲ್ಲಿ ಈಗಷ್ಟೇ ಕಲಿಯುತ್ತಿರುವವರು ಯೋಚಿಸದೆ 3.14 ಹಾಕಿಕೊಳ್ಳಲಿ. ಕಳೆದುಕೊಳ್ಳಲು ಅವರಲ್ಲಿ ಹಳೆಯದೇನೂ ಇಲ್ಲ, ಮೇಲಾಗಿ ದೋಷದ ಸಂದೇಶಗಳೇ ಅರ್ಧ ಮೇಷ್ಟರಾಗುತ್ತವೆ. 3.10, 3.11ರಲ್ಲಿ ಚೆನ್ನಾಗಿ ಓಡುತ್ತಿದ್ದರೆ ಈ ಬೇಸಿಗೆ ತಲೆಬಿಸಿ ಬೇಡ ಎನ್ನುತ್ತಿದ್ದೆ, ಆದರೆ 3.10ಕ್ಕೆ ಉಳಿದಿರುವುದು ಈ ಒಂದೇ ಬೇಸಿಗೆ.

ಕಳೆದ ಮೇ ತಿಂಗಳಲ್ಲಿ ಯಾರ್ಡಿನ ಇನ್ನೊಂದು ಮಂಡಿಯನ್ನು ಹೀಗೆಯೇ ಹೊಸ ಯಂತ್ರಕ್ಕೆ, 3.13ಕ್ಕೆ ದಾಟಿಸಿದೆ. ಒಂದು ವರ್ಷದ ಪಟ್ಟಿಗಳು ಪೈಸೆಗೆ ಪೈಸೆ ತಾಳೆಯಾಗಿದ್ದವು. ಮೊದಲ ಮೂಟೆ ತೂಕಕ್ಕೆ ಏರಿತು, ಪರದೆಯಲ್ಲಿ ಅಂಕಿ ಬರಲಿಲ್ಲ. ಹಳೆಯ ಕಂಪ್ಯೂಟರಿನ ಬೆನ್ನಿಗೆ ಇದ್ದ ಒಂಬತ್ತು ಕಡ್ಡಿಯ ಸೀರಿಯಲ್ ಕಿಂಡಿ ಹೊಸದರಲ್ಲಿ ಇರಲಿಲ್ಲ, ಯುಎಸ್‌ಬಿ ಪರಿವರ್ತಕ ಹಾಕಿದ್ದೆವು. ಹಳೆಯದರಲ್ಲಿ ಕಾಮ್ 1 ಆಗಿದ್ದ ಆ ಕಿಂಡಿ ಹೊಸದರಲ್ಲಿ ಕಾಮ್ 4 ಆಗಿತ್ತು, ಕೋಡಿನಲ್ಲಿ ಕಾಮ್ 1 ಎಂದು ನಾನೇ ಗಟ್ಟಿಯಾಗಿ ಬರೆದಿಟ್ಟಿದ್ದೆ. ಒಂದು ಅಂಕಿ ತಿದ್ದಿದ ಮೇಲೆ ತೂಕ ಬಂತು. ಈ ಯಜಮಾನರ ಪ್ರೋಗ್ರಾಮಿನಲ್ಲೂ ಅದೇ ಸಾಲು ಇದೆ, ಇವತ್ತು ಬೆಳಿಗ್ಗೆ ಅದನ್ನು ಸೆಟ್ಟಿಂಗ್ಸ್ ಕಡತಕ್ಕೆ ತೆಗೆದು ಹಾಕಿದ್ದೇನೆ. ಹೊಸ ಯಂತ್ರ ಏಪ್ರಿಲ್ 15ರ ನಂತರ ಬರಲಿ ಎಂದು ಅವರು ಹೇಳಿದ್ದಾರೆ. ಕುಂಕುಮದ ಡಬ್ಬ ಒಂದು ಹಂಗಾಮು ಮೂಲೆಯಲ್ಲೇ ಇರಲಿ ಎಂದು ನಾನು ಹೇಳಿದ್ದೇನೆ.